ನೂರು ವರ್ಷ ಹಳೇದು ಅಂದ ಮಾತ್ರಕ್ಕೆ ಬೆಲೆ ಬರುತ್ತಾ? ಹ್ಯಾರೊಗೇಟ್ ಪೋಸ್ಟ್‌ಕಾರ್ಡ್‌ಗಳ ಬಗ್ಗೆ

ಪ್ರಶ್ನೆ: ಸರ್, ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸ್. ಊರು ಹಾಸನದ ಕಡೆ. ನಮ್ಮ ಪಕ್ಕದ ಮನೆಯ ಅಜ್ಜಿ ವೃದ್ಧಾಶ್ರಮಕ್ಕೆ ಹೋಗುವಾಗ ಒಂದು ದಪ್ಪ ಆಲ್ಬಮ್ ಕೊಟ್ಟು ಹೋದರು. ಅವರ ತಾಯಿಯ ಕಾಲದ್ದಂತೆ. ಒಳಗೆ ಸುಮಾರು 160 ಪೋಸ್ಟ್‌ಕಾರ್ಡ್ ಇವೆ. ಹೆಚ್ಚಿನವು ಇಲ್ಲೇ ಹತ್ತಿರದ ಹ್ಯಾರೊಗೇಟ್ ಊರಿನವು: ಪಂಪ್ ರೂಮ್, ಕುರ್ಸಾಲ್, ವ್ಯಾಲಿ ಗಾರ್ಡನ್ಸ್, ಹೋಟೆಲುಗಳು. ಒಂದು ಮಾತ್ರ ಬೆಂಗಳೂರಿನದು! ಹಳೇ ಸಾಮಾನಿನ ಅಂಗಡಿಯವನು ಎಲ್ಲಕ್ಕೂ ಸೇರಿ 40 ಪೌಂಡ್ ಕೊಡ್ತೀನಿ ಅಂದ. ಗೆಳತಿ ಮಾತ್ರ, ನೂರು ವರ್ಷ ಹಳೇದು, ಸಾವಿರಾರು ಪೌಂಡ್ ಬರುತ್ತೆ ಅಂತಾಳೆ. ಸ್ಟ್ಯಾಂಪುಗಳನ್ನು ನೀರಲ್ಲಿ ನೆನೆಸಿ ಬಿಡಿಸಿ ಬೇರೆಯಾಗಿ ಮಾರೋಣ ಅನ್ನೋದು ನಮ್ಮ ಯಜಮಾನರ ಯೋಚನೆ. ಕೆಲವು ಕಾರ್ಡಿನ ಕಪ್ಪು ಭಾಗ ಸ್ಟೀಲಿನ ಹಾಗೆ ಹೊಳೆಯುತ್ತೆ, ಅದು ಫಂಗಸ್ಸಾ? ಲ್ಯಾಮಿನೇಟ್ ಮಾಡಿಸಿದರೆ ಉಳಿಯುತ್ತಾ? ಸ್ವಾನ್ ಹೋಟೆಲಿನ ಕಾರ್ಡಿಗೆ ಅಗಾಥಾ ಕ್ರಿಸ್ಟಿಯಿಂದಾಗಿ ಭಾರಿ ಬೆಲೆ ಅಂತ ಆನ್‌ಲೈನಲ್ಲಿ ನೋಡಿದೆ, ನಿಜವಾ? ಕೊನೇದಾಗಿ, ಇವುಗಳ ಚಿತ್ರ ಹಾಕಿ ಇಲ್ಲಿನ ಕನ್ನಡ ಬಳಗಕ್ಕೆ ಒಂದು ಕ್ಯಾಲೆಂಡರ್ ಮಾಡಬಹುದಾ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಕಡಿಮೆಗೆ ಕೊಟ್ಟು ಮೋಸ ಹೋಗ್ತೀನಾ ಅನ್ನೋದು ಒಂದು, ಇಟ್ಟುಕೊಂಡು ಹಾಳು ಮಾಡ್ತೀನಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಿಜವಾದ ಅಪಾಯ ಎರಡನೆಯದು, ಅದರಲ್ಲೂ ಆ ನೀರಲ್ಲಿ ನೆನೆಸುವ ಯೋಚನೆ. ಈ ಉತ್ತರ ಓದಿ ಮುಗಿಸುವ ತನಕ ಯಜಮಾನರ ಕೈಗೆ ಆಲ್ಬಮ್ ಕೊಡಬೇಡಿ.

ಹಳೇದು ಅಂದರೆ ಅಪರೂಪ ಅನ್ನೋ ಲೆಕ್ಕ ಪೋಸ್ಟ್‌ಕಾರ್ಡಿಗೆ ನಡೆಯಲ್ಲ. ಬ್ರಿಟನ್ನಿನಲ್ಲಿ ಅಂಚೆ ಇಲಾಖೆಯ ಬರೀ ಕಾರ್ಡ್ ಬಂದಿದ್ದು 1870ರಲ್ಲಿ. ಖಾಸಗಿಯವರು ಚಿತ್ರ ಹಾಕಿದ ಕಾರ್ಡಿಗೆ ಸ್ಟ್ಯಾಂಪ್ ಅಂಟಿಸಿ ಕಳಿಸಲು ಬಿಟ್ಟಿದ್ದು 1894ರಲ್ಲಿ. ಆಮೇಲೂ ಕೆಲವು ವರ್ಷ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಹೇಳೋದಿದ್ದರೆ ಚಿತ್ರದ ಅಂಚಿನಲ್ಲಿ, ಆಕಾಶದ ಮೇಲೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಗೀಚಬೇಕಿತ್ತು. 1902ರಲ್ಲಿ ಹಿಂಬದಿಗೆ ನಡುವೆ ಗೆರೆ ಎಳೆದು ಎಡಕ್ಕೆ ಮಾತು, ಬಲಕ್ಕೆ ವಿಳಾಸ ಅಂತ ಅನುಮತಿ ಕೊಟ್ಟರು. ಅಲ್ಲಿಂದ ಶುರುವಾಯ್ತು ನೋಡಿ ಹುಚ್ಚು. 1908ರ ಹೊತ್ತಿಗೆ ಬ್ರಿಟನ್ನಿನ ಅಂಚೆಯಲ್ಲಿ ವರ್ಷಕ್ಕೆ 80 ಕೋಟಿಗೂ ಜಾಸ್ತಿ ಕಾರ್ಡ್ ಓಡಾಡುತ್ತಿದ್ದವು. ಅರ್ಧ ಪೆನ್ನಿ ಖರ್ಚು, ದಿನಕ್ಕೆ ಹಲವು ಸಲ ಬಟವಾಡೆ. ಬೆಳಿಗ್ಗೆ ಹಾಕಿದ ಕಾರ್ಡ್ ಅದೇ ಊರಿನಲ್ಲಿ ಸಂಜೆಗೆ ಮುಟ್ಟುತ್ತಿತ್ತು. ಜೊತೆಗೆ ಮನೆಮನೆಯಲ್ಲೂ ಆಲ್ಬಮ್ ಕೂಡಿಸುವ ಚಟ. ಅದಕ್ಕೇ ಇವತ್ತಿಗೂ ರಾಶಿ ರಾಶಿ ಉಳಿದಿವೆ.

ಇನ್ನು ಹ್ಯಾರೊಗೇಟ್. ಅದು ಖನಿಜ ನೀರಿನ ಊರು. 1571ರಲ್ಲಿ ವಿಲಿಯಂ ಸ್ಲಿಂಗ್ಸ್‌ಬಿ ಅನ್ನುವವರು ಟೆವಿಟ್ ಅನ್ನುವ ಬುಗ್ಗೆಯ ನೀರಿನಲ್ಲಿ ಔಷಧದ ಗುಣ ಇದೆ ಅಂತ ಗುರುತಿಸಿದರು ಅನ್ನೋದರಿಂದ ಊರಿನ ಕತೆ ಶುರು. ಗಂಧಕದ ನೀರಿಗೆ ಅಂತಲೇ 1842ರಲ್ಲಿ ಎಂಟು ಮೂಲೆಯ ರಾಯಲ್ ಪಂಪ್ ರೂಮ್ ಕಟ್ಟಿದರು. 1897ರಲ್ಲಿ ರಾಯಲ್ ಬಾತ್ಸ್ ಬಂತು. ಸಂಧಿವಾತ, ಚರ್ಮರೋಗ, ಅಜೀರ್ಣ ಅಂತ ಕಾಸಿದ್ದವರು ಬಂದು ವಾರಗಟ್ಟಲೆ ಉಳಿಯುತ್ತಿದ್ದರು. ನೀರೋ, ಕೊಳೆತ ಮೊಟ್ಟೆಯ ವಾಸನೆ, ಮೇಲೆ ಉಪ್ಪುಪ್ಪು. ಆ ಬಾಯಿರುಚಿ ಹೋಗಲಿ ಅಂತಲೇ ಅಲ್ಲಿ 1840ರಿಂದ ಫಾರಾ ಟಾಫಿ ಅಂತ ಒಂದು ಮಿಠಾಯಿ ಮಾಡುತ್ತಾರೆ, ಈಗಲೂ ಸಿಗುತ್ತೆ, ಒಮ್ಮೆ ತಿಂದು ನೋಡಿ. ಬೆಳಿಗ್ಗೆ ಎದ್ದು ಆ ನೀರು ಕುಡಿದ ಮೇಲೆ ಉಳಿದ ದಿನವೆಲ್ಲ ಏನು ಮಾಡೋದು? ಉದ್ಯಾನದಲ್ಲಿ ಓಡಾಡೋದು, ಬ್ಯಾಂಡ್ ಕೇಳೋದು, ಕಾರ್ಡ್ ಬರೆಯೋದು. ತಿರುಪತಿಗೆ ಹೋದವರೆಲ್ಲ ಲಡ್ಡು ತರುವ ಹಾಗೆ ಹ್ಯಾರೊಗೇಟಿಗೆ ಹೋದವರೆಲ್ಲ ಪಂಪ್ ರೂಮಿನ ಕಾರ್ಡ್ ಕಳಿಸುತ್ತಿದ್ದರು. ಆದ್ದರಿಂದ ಪಂಪ್ ರೂಮ್, ವ್ಯಾಲಿ ಗಾರ್ಡನ್ಸ್, ದೊಡ್ಡ ಹೋಟೆಲುಗಳ ಕಾರ್ಡ್ ಇವತ್ತು ಸಾಮಾನ್ಯವಾಗಿ ಒಂದೆರಡು ಪೌಂಡಿಗೆ ಸಿಗುತ್ತವೆ. ತುಂಬಾ ಚೆನ್ನಾಗಿದ್ದರೆ ಐದು.

ಹಾಗಾದರೆ ಬೆಲೆ ಯಾವುದಕ್ಕೆ? ಯಾರೂ ಮುಖ್ಯ ಅಂದುಕೊಳ್ಳದೆ ತೆಗೆದ ಚಿತ್ರಕ್ಕೆ. ಒಂದು ಕಸಾಯಿ ಅಂಗಡಿ, ಬಾಗಿಲಲ್ಲಿ ಏಪ್ರನ್ ಕಟ್ಟಿ ನಿಂತ ಮಾಲೀಕ, ಕಿಟಕಿಯಲ್ಲಿ ತೂಗುಹಾಕಿದ ಮಾಂಸ, ಬೋರ್ಡಿನ ಮೇಲೆ ಓದಲು ಬರುವ ಹೆಸರು. ಹಿಂದಿನ ಬೀದಿಯ ಹಾಲಿನ ಗಾಡಿ. ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್. ಮೆರವಣಿಗೆ, ಪ್ರವಾಹ, ಬೆಂಕಿ ಅನಾಹುತ. ಗಾಲಿಕುರ್ಚಿಯಲ್ಲಿ ರೋಗಿಗಳನ್ನು ಕೂರಿಸಿಕೊಂಡು ಬಾಡಿಗೆಗೆ ಎಳೆಯುತ್ತಿದ್ದ ಗಂಡಸರ ಸಾಲು. ಇಂಥವನ್ನು ಊರಿನ ಫೋಟೋಗ್ರಾಫರ್ ಹತ್ತೋ ಐವತ್ತೋ ಪ್ರತಿ ಹಾಕಿ ಮಾರಿರುತ್ತಾನೆ, ಅಷ್ಟೇ. ಉಳಿದಿರೋದು ಒಂದೋ ಎರಡೋ. ಇವು ಹತ್ತು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಪೌಂಡಿಗೆ ಹೋಗುತ್ತವೆ. ನಿಮ್ಮ ಪಟ್ಟಿಯಲ್ಲಿ ಇಂಥದ್ದು ಒಂದೂ ಇಲ್ಲ. ಆದರೆ ಆಲ್ಬಮ್ಮಿನಲ್ಲೂ ಇಲ್ಲ ಅಂತ ಈಗಲೇ ಹೇಳಲ್ಲ, ಯಾಕಂದರೆ ಪತ್ರದಲ್ಲಿ ಎಲ್ಲರೂ ದೊಡ್ಡ ಕಟ್ಟಡಗಳ ಹೆಸರನ್ನೇ ಬರೆಯೋದು. ಕೂತು ಒಂದೊಂದಾಗಿ ನೋಡಿ.

ನೋಡುವಾಗ ಕೈಯಲ್ಲಿ ಒಂದು ಭೂತಗನ್ನಡಿ ಇರಲಿ, ಹತ್ತು ಪಟ್ಟಿನದ್ದಾದರೆ ಒಳ್ಳೇದು. ಚಿತ್ರದಲ್ಲಿ ಸಾಲಾಗಿ ಚುಕ್ಕಿ ಕಂಡರೆ ಅದು ಪ್ರೆಸ್ಸಿನಲ್ಲಿ ಅಚ್ಚಾದದ್ದು. ಹುಳು ಹರಿದ ಹಾಗೆ ಸಣ್ಣ ಸುಕ್ಕಿನ ಮರಳು ಕಂಡರೆ ಕೊಲೋಟೈಪ್, ಅದೂ ಅಚ್ಚೇ. ಚುಕ್ಕಿಯೇ ಇಲ್ಲದೆ ಬಿಳುಪಿನಿಂದ ಕಪ್ಪಿಗೆ ನುಣ್ಣಗೆ ಜಾರಿದ್ದರೆ ಅದು ನಿಜವಾದ ಫೋಟೋ, ಕತ್ತಲ ಕೋಣೆಯಲ್ಲಿ ಒಂದೊಂದಾಗಿ ತೊಳೆದು ತೆಗೆದದ್ದು. ಬೋರ್ಡಿನ ಮೇಲಿನ ಸಣ್ಣ ಅಕ್ಷರ ಓದಲು ಬರೋದು ಇದರಲ್ಲೇ.

ಇಲ್ಲಿ ಇನ್ನೊಂದು ತಪ್ಪು ನಂಬಿಕೆ ಬಿಡಿಸಬೇಕು. ಬಣ್ಣದ ಕಾರ್ಡ್ ಜಾಸ್ತಿ ಬೆಲೆಯದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಉಲ್ಟಾ. ಆಗ ಬಣ್ಣದ ಫೋಟೋ ತೆಗೆದು ಅಚ್ಚು ಹಾಕುವ ಪದ್ಧತಿ ಇರಲಿಲ್ಲ. ಕಪ್ಪು ಬಿಳುಪು ಫೋಟೋವನ್ನು ಮುದ್ರಕರಿಗೆ ಕಳಿಸುತ್ತಿದ್ದರು, ಅವರು ಮೇಲೆ ಬಣ್ಣ ಕೂರಿಸುತ್ತಿದ್ದರು. 1914ಕ್ಕೆ ಮುಂಚೆ ಆ ಮುದ್ರಕರು ಎಷ್ಟೋ ಸಲ ಜರ್ಮನಿಯವರು. ನಿಮ್ಮ ಕಾರ್ಡುಗಳ ಹಿಂದೆ ಸಣ್ಣದಾಗಿ ‘ಸ್ಯಾಕ್ಸನಿಯಲ್ಲಿ ಮುದ್ರಿತ’ ಅಂತ ಇಂಗ್ಲಿಷಿನಲ್ಲಿ ಇದೆಯಾ ನೋಡಿ. ಹ್ಯಾರೊಗೇಟನ್ನು ಕಣ್ಣಲ್ಲೂ ಕಾಣದ ಕೆಲಸಗಾರ ಅಲ್ಲಿ ಕೂತು, ಯಾರ್ಕ್‌ಶೈರಿನ ಬೂದು ಆಕಾಶಕ್ಕೆ ಗುಲಾಬಿ ಮೋಡ ಬಳಿದು, ಹೆಂಗಸರ ಟೋಪಿಗೆ ಕೆಂಪು ಹಾಕಿ ಕಳಿಸಿರುತ್ತಾನೆ. ಬೆಳದಿಂಗಳ ಕಾರ್ಡ್ ಇದ್ದರೆ ಇನ್ನೂ ಮಜಾ: ಹಗಲಿನ ಫೋಟೋಗೆ ನೀಲಿ ಎಳೆದು, ಕಿಟಕಿಗಳಿಗೆ ಹಳದಿ ತುಂಬಿ, ಮೇಲೆ ಒಂದು ಚಂದ್ರ. ಗಮನಿಸಿ ನೋಡಿದರೆ ನೆರಳು ಬೇರೆ ಕಡೆ ಬಿದ್ದಿರುತ್ತೆ. ನನಗೆ ಇವು ತುಂಬಾ ಇಷ್ಟ, ಆದರೆ ಮಾರುಕಟ್ಟೆಗೆ ಅಷ್ಟಕ್ಕಷ್ಟೇ.

ಈಗ ವರ್ಷ ಕಂಡುಹಿಡಿಯೋದು. ಎಲ್ಲರೂ ಮೊದಲು ಅಂಚೆ ಮುದ್ರೆ ನೋಡ್ತಾರೆ. ಸರಿ, ಆದರೆ ಆ ಮುದ್ರೆ ಹೇಳೋದು ಕಾರ್ಡ್ ಯಾವಾಗ ಹೋಯ್ತು ಅಂತ, ಚಿತ್ರ ಯಾವಾಗಿನದು ಅಂತ ಅಲ್ಲ. ಫ್ರಾನ್ಸಿಸ್ ಫ್ರಿತ್, ಡಂಡಿಯ ವ್ಯಾಲಂಟೈನ್ಸ್ ಥರದ ದೊಡ್ಡ ಕಂಪನಿಗಳು ಒಂದೇ ನೆಗೆಟಿವನ್ನು ವರ್ಷಗಟ್ಟಲೆ ಬಳಸುತ್ತಿದ್ದವು. ಅಂಗಡಿಯ ಸ್ಟ್ಯಾಂಡಿನಲ್ಲಿ ಉಳಿದ ಕಾರ್ಡ್ ಇನ್ನೂ ಕೆಲವು ವರ್ಷ ಮಾರಾಟವಾಗುತ್ತಿತ್ತು. ಅದಕ್ಕೇ ಕಟ್ಟಡಗಳನ್ನೇ ಕೇಳಬೇಕು. ಪಂಪ್ ರೂಮಿನ ಪಕ್ಕಕ್ಕೆ ಗಾಜು ಮತ್ತು ಕಬ್ಬಿಣದ ಭಾಗ ಸೇರಿದ್ದು 1913ರಲ್ಲಿ. ಅದು ಇಲ್ಲದಿದ್ದರೆ ಫೋಟೋ ಅದಕ್ಕಿಂತ ಹಳೇದು. ಊರ ನಡುವಿನ ಯುದ್ಧ ಸ್ಮಾರಕ ಕಂಡರೆ 1923 ಅಥವಾ ಆಮೇಲೆ. ವ್ಯಾಲಿ ಗಾರ್ಡನ್ಸಿನಲ್ಲಿ ಸನ್ ಪೆವಿಲಿಯನ್ ಇದ್ದರೆ 1933ರಿಂದ ಈಚೆ.

ಎಲ್ಲಕ್ಕಿಂತ ಒಳ್ಳೇ ಸಾಕ್ಷಿ ಕುರ್ಸಾಲ್. ಸಂಗೀತ, ನಾಟಕಕ್ಕೆ ಅಂತ 1903ರಲ್ಲಿ ತೆರೆದ ಸಭಾಂಗಣ ಅದು. ಜರ್ಮನಿಯ ಸ್ನಾನದ ಊರುಗಳನ್ನು ನೋಡಿ ಹೆಮ್ಮೆಯಿಂದ ಅವರ ಹೆಸರನ್ನೇ ಇಟ್ಟುಕೊಂಡಿದ್ದರು. ಮಹಾಯುದ್ಧ ಬಂತು, ಜರ್ಮನ್ ಹೆಸರು ಬಾಯಿಗೆ ಕಹಿಯಾಯ್ತು, 1918ರಲ್ಲಿ ರಾಯಲ್ ಹಾಲ್ ಅಂತ ಬದಲಾಯಿಸಿದರು. ಹಾಗಾಗಿ ಕಾರ್ಡಿನ ಮೇಲೆ ಕುರ್ಸಾಲ್ ಅಂತ ಅಚ್ಚಾಗಿದ್ದರೆ ಆ ಹದಿನೈದು ವರ್ಷದೊಳಗಿನ ಅಚ್ಚು ಅಂತ ಹೆಚ್ಚೂಕಮ್ಮಿ ಖಾತ್ರಿ. ಅದೇ ಕಾರ್ಡಿಗೆ 1921ರ ಅಂಚೆ ಮುದ್ರೆ ಇದ್ದರೆ ಗಾಬರಿ ಬೇಡ, ಹಳೇ ಸ್ಟಾಕು. ಬೇರೆ ಊರಲ್ಲೂ ಈ ಉಪಾಯ ನಡೆಯುತ್ತೆ: ಕೆಂಟ್‌ನ ಟನ್‌ಬ್ರಿಜ್ ವೆಲ್ಸ್‌ಗೆ ‘ರಾಯಲ್’ ಪಟ್ಟ ಸಿಕ್ಕಿದ್ದು 1909ರಲ್ಲಿ, ಆ ಪದ ಅಚ್ಚಾದ ಕಾರ್ಡ್ ಸಾಮಾನ್ಯವಾಗಿ ಅಲ್ಲಿಂದ ಈಚಿನದು.

ಇಲ್ಲಿಗೆ ಸ್ಟ್ಯಾಂಪಿನ ವಿಷಯಕ್ಕೆ ಬರೋಣ. ಎಡ್ವರ್ಡ್ ದೊರೆಯ ಅರ್ಧ ಪೆನ್ನಿಯ ಹಸಿರು ಸ್ಟ್ಯಾಂಪು, ಜಾರ್ಜ್ ದೊರೆಯ ಹಸಿರು ಸ್ಟ್ಯಾಂಪು, ಇವು ಕೋಟಿಗಟ್ಟಲೆ ಇವೆ. ಬಿಡಿಸಿದರೆ ಕೆಲವು ಪೆನ್ಸೂ ಹುಟ್ಟಲ್ಲ. ಆದರೆ ಕಾರ್ಡಿನ ಮೇಲೆ ಇದ್ದಾಗ ಅದೇ ಸ್ಟ್ಯಾಂಪ್ ಸಾಕ್ಷಿ ಹೇಳುತ್ತೆ. ಅರ್ಧ ಪೆನ್ನಿ ದರ ಇದ್ದದ್ದು 1918ರ ಜೂನ್ ತನಕ, ಆಮೇಲೆ ಒಂದು ಪೆನ್ನಿ. 1921ರ ಜೂನಿನಲ್ಲಿ ಒಂದೂವರೆಗೆ ಏರಿಸಿದರು, ಜನ ಬರೆಯೋದನ್ನೇ ಕಮ್ಮಿ ಮಾಡಿದರು, 1922ರ ಮೇ ಕೊನೆಗೆ ಮತ್ತೆ ಒಂದಕ್ಕೆ ಇಳಿಯಿತು. ಅಂದರೆ ಮುದ್ರೆ ಅಳಿಸಿಹೋಗಿದ್ದರೂ ಒಂದೂವರೆ ಪೆನ್ನಿಯ ಸ್ಟ್ಯಾಂಪ್ ಇದ್ದರೆ ಆ ಒಂದು ವರ್ಷದೊಳಗಿನದು ಅಂತ ಊಹಿಸಬಹುದು. ನೆನೆಸಿದರೆ ಸ್ಟ್ಯಾಂಪ್ ಹೋಯ್ತು, ಅರ್ಧ ಮುದ್ರೆ ಹೋಯ್ತು, ಶಾಯಿ ಹರಡಿತು, ಕಾರ್ಡ್ ಸೊಟ್ಟ ಆಯ್ತು. ಎರಡು ಪೌಂಡಿನ ಕಾರ್ಡನ್ನು ಐವತ್ತು ಪೆನ್ಸಿನದ್ದು ಮಾಡೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಸ್ಟೀಲಿನ ಹೊಳಪು ಫಂಗಸ್ ಅಲ್ಲ. ಅದು ನಿಜವಾದ ಫೋಟೋ ಕಾರ್ಡಿನ ಗುರುತು. ಚಿತ್ರ ಮೂಡಿರೋದೇ ಬೆಳ್ಳಿಯ ಕಣಗಳಿಂದ. ತೇವ ಮತ್ತು ಗಾಳಿಯಲ್ಲಿನ ಅನಿಲಗಳ ದೆಸೆಯಿಂದ ಬೆಳ್ಳಿ ನಿಧಾನವಾಗಿ ಮೇಲ್ಮೈಗೆ ಬಂದು ತೆಳು ಪದರ ಆಗುತ್ತೆ. ಬೆಳ್ಳಿ ಜಾಸ್ತಿ ಇರೋದು ಕಪ್ಪು ಭಾಗದಲ್ಲೇ ಅಲ್ವಾ, ಅದಕ್ಕೇ ಹೊಳಪೂ ಅಲ್ಲೇ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದರ ಜೊತೆ ಚಿತ್ರವೂ ಬರುತ್ತೆ. ಸುಮ್ನೆ ಬಿಡಿ. ಕೊಳ್ಳುವವರು ಅದನ್ನು ನೋಡಿ ಖುಷಿಯೇ ಪಡ್ತಾರೆ, ಹಳೇದು ಅಂತ ನಂಬಿಕೆ ಬರುತ್ತೆ. ನಿಜವಾದ ಫಂಗಸ್ ಬೇರೆ ಥರ: ಹತ್ತಿಯಂಥ ಬಿಳಿ ನೂಲು, ಮುಗ್ಗಲು ವಾಸನೆ, ಕಾಗದದ ಕಡೆ ಕಂದು ಚುಕ್ಕೆ. ಅಂಥವನ್ನು ಬೇರೆ ಇಡಿ, ಚೆನ್ನಾಗಿ ಒಣಗಲಿ, ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಹೊರಗಡೆ ನಿಂತು ಕೊಡವಿ. ಮಾಸ್ಕ್ ಹಾಕಿಕೊಳ್ಳಿ ಅಂತ ನರ್ಸಿಗೆ ನಾನು ಹೇಳಬೇಕಾಗಿಲ್ಲ.

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಪ್ಲಾಸ್ಟಿಕ್ ಕರಗಿ ಕಾಗದದೊಳಗೆ ಇಳಿಯುತ್ತೆ, ವಾಪಸ್ ಬಿಡಿಸೋಕೆ ಆಗಲ್ಲ, ಕೊಳ್ಳುವವರು ಕೈಯಲ್ಲೂ ಮುಟ್ಟಲ್ಲ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಚೀಲ ಸಿಗುತ್ತವೆ, ಅಗ್ಗ, ಅದರಲ್ಲಿ ಹಾಕಿ. ಪಿವಿಸಿ ಮಾತ್ರ ಬೇಡ, ಅದು ಕಾಲಕ್ರಮೇಣ ಜಿಗುಟಾಗಿ ಚಿತ್ರಕ್ಕೆ ಅಂಟಿಕೊಳ್ಳುತ್ತೆ. ಅಟ್ಟ, ಗ್ಯಾರೇಜು ಎರಡೂ ಬೇಡ. ನೀವು ಮಲಗುವ ಕೋಣೆಯ ಕಪಾಟೇ ಸಾಕು.

ಆಲ್ಬಮ್ಮಿನಲ್ಲಿ ಮೂಲೆಗಳನ್ನು ಸೀಳಿಗೆ ಸಿಕ್ಕಿಸಿದ್ದರೆ ತೆಗೆಯುವಾಗ ಕಾರ್ಡನ್ನು ಬಗ್ಗಿಸಬೇಡಿ, ಪುಟವನ್ನು ಬಗ್ಗಿಸಿ. ಪುಟ ಹರಿದರೂ ಪರವಾಗಿಲ್ಲ. ಅಂಟು ಹಾಕಿ ಕೂರಿಸಿದ್ದರೆ ಕೆಟಲಿನ ಹಬೆ ಹಿಡಿಯೋ ಬುದ್ಧಿ ಬರುತ್ತೆ, ಎಲ್ಲರಿಗೂ ಬರುತ್ತೆ. ಫೋಟೋ ಕಾರ್ಡಿನ ಮೇಲಿರೋದು ಜೆಲಟಿನ್, ಹಬೆ ತಾಗಿದರೆ ಉಬ್ಬಿ ಗುಳ್ಳೆ ಏಳುತ್ತೆ. ಅಂಥವನ್ನು ಪುಟದ ಸಮೇತ ಸುತ್ತಲೂ ಕತ್ತರಿಸಿ ಇಡಿ. ಚಿತ್ರ ನಿಜಕ್ಕೂ ಅಪರೂಪದ್ದಾದರೆ ಮಾತ್ರ ಕಾಗದ ಸಂರಕ್ಷಣೆ ಮಾಡುವವರ ಹತ್ತಿರ ಹೋಗಿ, ಅವರ ಒಂದು ಗಂಟೆಯ ಫೀಸು ನಿಮ್ಮ ಇಪ್ಪತ್ತು ಕಾರ್ಡಿನ ಬೆಲೆಗಿಂತ ಜಾಸ್ತಿ ಇರುತ್ತೆ.

ಸ್ವಾನ್ ಹೋಟೆಲಿನ ಕತೆ ನಿಜವೇ. 1926ರ ಡಿಸೆಂಬರ್ 3ರಂದು ಮನೆ ಬಿಟ್ಟ ಅಗಾಥಾ ಕ್ರಿಸ್ಟಿಗಾಗಿ ದೇಶವೆಲ್ಲ ಹುಡುಕುತ್ತಿದ್ದರೆ, ಹನ್ನೊಂದು ದಿನದ ಮೇಲೆ ಅವರು ಪತ್ತೆಯಾಗಿದ್ದು ಆಗ ಸ್ವಾನ್ ಹೈಡ್ರೊಪಥಿಕ್ ಅನ್ನಿಸಿಕೊಂಡಿದ್ದ ಈ ಹೋಟೆಲಿನಲ್ಲಿ, ಬೇರೆ ಹೆಸರಿನಲ್ಲಿ. ಆದರೆ ಅವರಿಗೂ ನಿಮ್ಮ ಕಾರ್ಡಿಗೂ ಏನು ಸಂಬಂಧ? ದೊಡ್ಡ ಹೋಟೆಲುಗಳ ಕಾರ್ಡ್ ಜಾಹೀರಾತಿನ ಹಾಗೆ ಓಡುತ್ತಿದ್ದವು, ಅಲ್ಲಿ ಇಳಿದುಕೊಂಡವರೆಲ್ಲ ನಮ್ಮ ರೂಮು ಇದೇ ಅಂತ ಕಿಟಕಿಗೆ ಶಾಯಿಯಲ್ಲಿ ಕತ್ತರಿ ಗುರುತು ಹಾಕಿ ಕಳಿಸುತ್ತಿದ್ದರು. ಆನ್‌ಲೈನಲ್ಲಿ ಕಾಣೋದು ಕೇಳಿದ ಬೆಲೆ. ನೀವು ನೋಡಬೇಕಾದ್ದು ಮಾರಾಟವಾದ ಬೆಲೆ, ಹರಾಜು ತಾಣಗಳಲ್ಲಿ ಅದನ್ನು ಬೇರೆಯಾಗಿ ತೋರಿಸುವ ಆಯ್ಕೆ ಇರುತ್ತೆ. ಐವತ್ತು ಪೌಂಡ್ ಕೇಳಿದ ಕಾರ್ಡ್ ಮೂರಕ್ಕೆ ಹೋಗಿರೋದು ಅಲ್ಲಿ ಕಾಣುತ್ತೆ. 1926ರ ಡಿಸೆಂಬರಿನಲ್ಲಿ ಅದೇ ಹೋಟೆಲಿಂದ ಬರೆದ ಕಾರ್ಡ್, ಅದರಲ್ಲಿ ಆ ಗಲಾಟೆಯ ಒಂದು ಮಾತು ಇದ್ದರೆ ಆಗ ಬೇರೆ ವಿಷಯ. ಆದ್ದರಿಂದ ಹಿಂಬದಿಗಳನ್ನು ಓದಿ, ಎಲ್ಲವನ್ನೂ ಓದಿ.

ಈಗ 40 ಪೌಂಡ್. 160 ಕಾರ್ಡಿಗೆ ಅಂದರೆ ಒಂದಕ್ಕೆ 25 ಪೆನ್ಸ್. ಅಂಗಡಿಯವನು ಬಾಡಿಗೆ ಕಟ್ಟಬೇಕು, ಅರ್ಧ ಕಾರ್ಡ್ ವರ್ಷಗಟ್ಟಲೆ ಅವನ ಡಬ್ಬಿಯಲ್ಲೇ ಕೂತಿರುತ್ತವೆ, ಮಾರುವ ಬೆಲೆಯ ಮೂರನೇ ಒಂದು ಭಾಗ ಕೊಟ್ಟರೂ ನ್ಯಾಯವೇ ಅನ್ನಬಹುದು. ಅದಕ್ಕಿಂತ ಕಮ್ಮಿ ಹೇಳಿದ್ದಾನೆ, ಆದರೂ ಹಗಲು ದರೋಡೆ ಅನ್ನಲಾರೆ. ನನಗೆ ಅನುಮಾನ ಇರೋದು ಬೇರೆ: ಬೆಲೆ ಹೇಳುವಾಗ ಅವನ ಕೈ ಯಾವ ಪುಟದಲ್ಲಿ ನಿಂತಿತ್ತು? ವ್ಯಾಪಾರಿಗಳು ಇಡೀ ಆಲ್ಬಮ್ ಕೊಳ್ಳೋದು ನಾಲ್ಕೈದು ಕಾರ್ಡಿಗಾಗಿ. ಆ ನಾಲ್ಕೈದು ಯಾವುವು ಅಂತ ನಿಮಗೆ ಮೊದಲೇ ಗೊತ್ತಿರಬೇಕು. ಅವನ್ನು ತೆಗೆದಿಟ್ಟು ಒಂದೊಂದಾಗಿ ಮಾರಿ, ಇಲ್ಲವೇ ಪೋಸ್ಟ್‌ಕಾರ್ಡ್ ಮೇಳಕ್ಕೆ ಹೋಗಿ ಇಬ್ಬರು ಮೂವರಿಗೆ ತೋರಿಸಿ. ಉಳಿದದ್ದನ್ನು ಒಟ್ಟಿಗೆ ಕೊಟ್ಟುಬಿಡಿ. ಎಲ್ಲವನ್ನೂ ಬಿಡಿಬಿಡಿಯಾಗಿ ಆನ್‌ಲೈನಲ್ಲಿ ಮಾರಬಹುದು, ದುಡ್ಡೂ ಜಾಸ್ತಿ ಬರುತ್ತೆ, ಆದರೆ ಸ್ಕ್ಯಾನ್ ಮಾಡಿ, ಪ್ಯಾಕ್ ಮಾಡಿ, ಅಂಚೆಗೆ ಓಡೋದರಲ್ಲಿ ನಿಮ್ಮ ರಜೆಗಳೆಲ್ಲ ಹೋಗುತ್ತವೆ. ದಾನ ಕೊಡುವ ಮನಸ್ಸಿದ್ದರೆ ಆ ಪಂಪ್ ರೂಮೇ ಈಗ ಮ್ಯೂಸಿಯಂ, ಆದರೆ ನೇರ ಹೊತ್ತುಕೊಂಡು ಹೋಗಬೇಡಿ. ತಮ್ಮ ಹತ್ತಿರ ಇರುವ ಚಿತ್ರವನ್ನೇ ಮತ್ತೆ ತಗೊಳ್ಳೋಕೆ ಯಾವ ಮ್ಯೂಸಿಯಮ್ಮಿಗೂ ಜಾಗ ಇರಲ್ಲ. ಬೀದಿ, ಅಂಗಡಿ, ಜನ ಇರುವ ಕಾರ್ಡುಗಳ ಸ್ಕ್ಯಾನ್ ಕಳಿಸಿ ಕೇಳಿ.

ಮಾರುವ ಮುಂಚೆ ಅಜ್ಜಿಯನ್ನು ಒಂದು ಮಾತು ಕೇಳಿ. ಕೊಟ್ಟಿದ್ದಾರೆ, ನಿಮ್ಮದೇ, ನಿಜ. ಆದರೆ ಹಿಂಬದಿಯಲ್ಲಿರೋದು ಅವರ ಮನೆಯವರ ಕೈಬರಹ. ಆಮೇಲೆ ಮಕ್ಕಳೋ ಮೊಮ್ಮಕ್ಕಳೋ ಬಂದು ಕೇಳಿದ್ದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಎರಡೂ ಬದಿ ಸ್ಕ್ಯಾನ್ ಮಾಡಿ ಅವರಿಗೊಂದು ಪ್ರತಿ ಕೊಟ್ಟರೆ ಆ ತಾಪತ್ರಯ ಇರಲ್ಲ.

ಬೆಂಗಳೂರಿನ ಕಾರ್ಡನ್ನು ಈ ಗುಂಪಿನಿಂದ ಇವತ್ತೇ ಬೇರೆ ಮಾಡಿ. ಅಲ್ಲಿ ಕಂಟೋನ್ಮೆಂಟ್ ಇದ್ದದ್ದರಿಂದ ಇಂಗ್ಲೆಂಡಿಗೆ ಕಾರ್ಡ್ ಬರುತ್ತಿದ್ದದ್ದು ಆಶ್ಚರ್ಯವೇನಲ್ಲ, ಪುಸ್ತಕದಂಗಡಿಯ ಹಿಗ್ಗಿನ್‌ಬಾಥಮ್ಸ್ ಥರದವರು ಬೆಂಗಳೂರಿನ ನೋಟಗಳ ಕಾರ್ಡ್ ಮಾಡಿ ಮಾರುತ್ತಿದ್ದರು. ಹ್ಯಾರೊಗೇಟಿಗೆ ಹೋಲಿಸಿದರೆ ಉಳಿದಿರೋದು ತೀರಾ ಕಮ್ಮಿ, ಹುಡುಕುವವರು ಬೆಂಗಳೂರಿನಲ್ಲೇ ಇದ್ದಾರೆ. ಸೌತ್ ಪರೇಡ್, ಅಂದರೆ ಈಗಿನ ಎಂ.ಜಿ. ರಸ್ತೆಯೋ, ಕಮರ್ಷಿಯಲ್ ಸ್ಟ್ರೀಟೋ, ಅಂಗಡಿ ಜನ ಕಾಣುವ ಹಾಗಿದ್ದರೆ ಇಡೀ ಆಲ್ಬಮ್ಮಿನಲ್ಲಿ ಅದೇ ಒಳ್ಳೇ ಕಾರ್ಡ್ ಆಗಿದ್ದರೂ ಆಗಿರಬಹುದು. ಆದರೆ ಈಗ ಮಾಡಿದ ಮರುಮುದ್ರಣಗಳೂ ಓಡಾಡುತ್ತಿವೆ. ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದು ನೋಡಿ: ಸುಮಾರು 1950ರಿಂದ ಈಚಿನ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತೆ, ಅದು ನೀಲಿಯಾಗಿ ಮಿನುಗುತ್ತೆ. ಹಳೇ ಕಾಗದ ಮಂಕಾಗೇ ಇರುತ್ತೆ.

ಕ್ಯಾಲೆಂಡರ್ ಮಾಡಬಹುದು, ಸ್ವಲ್ಪ ನೋಡಿಕೊಂಡು. ಕಾರ್ಡ್ ನಿಮ್ಮದಾದರೂ ಚಿತ್ರದ ಹಕ್ಕು ಬೇರೆ. ಬ್ರಿಟನ್ನಿನಲ್ಲಿ ಫೋಟೋಗ್ರಾಫರ್ ಸತ್ತು 70 ವರ್ಷ ಕಳೆಯುವ ತನಕ ಹಕ್ಕು ಇರುತ್ತೆ. ಯಾರು ತೆಗೆದದ್ದು ಅಂತ ಗೊತ್ತೇ ಆಗದಿದ್ದರೆ ಪ್ರಕಟವಾಗಿ 70 ವರ್ಷ. ಹಾಗಾಗಿ ಹೆಸರಿಲ್ಲದ, ಮೊದಲ ಮಹಾಯುದ್ಧಕ್ಕೂ ಮುಂಚಿನ ಹನ್ನೆರಡು ಕಾರ್ಡ್ ಆರಿಸಿಕೊಂಡರೆ ತೊಂದರೆ ಬರುವ ಹಾಗಿಲ್ಲ. ಚಿತ್ರದ ಕಡೆಯನ್ನೇ ಹಾಕಿ, ವಿಳಾಸ ಇರುವ ಹಿಂಬದಿ ಬೇಡ. ಸ್ಕ್ಯಾನ್ ಮಾಡುವಾಗ 600 ಡಿಪಿಐ ಇಡಿ, ಚೀಲದಿಂದ ಹೊರಗೆ ತೆಗೆದು, ಬೆರಳು ಒರೆಸಿಕೊಂಡು. ನವೆಂಬರ್ ತಿಂಗಳಿಗೆ ಯಾವ ಕಾರ್ಡ್ ಹಾಕಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ?